ನಲವತ್ತೊಂದು ಬೆಸಸಂಖ್ಯೆ

೧

ಯುದ್ಧದ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಗುಂಡಿನಿಂದಲೇ ಎಂದುಕೊಂಡು ಮೊದಲ ಡ್ರಾಫ್ಟ್ ಹೀಗೆ ಬರೆದೆ: ‘ಆಕಾಶ ಸೀಳಿತು. ನದಿ ಕೆಂಪಾಯಿತು. ಸೇತುವೆಯ ಮೇಲೆ ಸಾವು ಕುಣಿಯಿತು.’ ಓದಿ ನೋಡಿದರೆ ನನಗೇ ನಗು. ನಾನು ಗುಂಡಿನ ಸದ್ದು ಕೇಳಿರುವುದು ಥಿಯೇಟರಿನ ಸ್ಪೀಕರಿನಲ್ಲಿ, ಮೆತ್ತನೆಯ ಕುರ್ಚಿಗೆ ಒರಗಿಕೊಂಡು. ನನ್ನಂಥವನ ನದಿ ಕೆಂಪಾದರೆಷ್ಟು, ಬಿಟ್ಟರೆಷ್ಟು? ಹರಿದು ಹಾಕಿದೆ.

ಎರಡನೆಯ ಡ್ರಾಫ್ಟಿನಲ್ಲಿ ನಕ್ಷೆ, ಬಾಣದ ಗುರುತು, ಎರಡೂ ಕಡೆಯ ಸೈನ್ಯದ ಲೆಕ್ಕ. ಮೂರನೇ ಪುಟಕ್ಕೆ ಆಕಳಿಕೆ ಬಂತು. (ಬರೆಯುವವನಿಗೇ ಬಂದರೆ ಓದುವ ನಿಮ್ಮ ಗತಿ?)

ಆಗ ಕಥೆಯ ಮುಖ್ಯ ಪಾತ್ರ, ಕಲ್ಲಿನಲ್ಲಿ ಅಕ್ಷರ ಕೆತ್ತುವ ಹೆಂಗಸು, ಊರಿನವರೆಲ್ಲ ಕಲ್ಲಕ್ಕ ಎಂದು ಕರೆಯುವವಳು, ಕೆಲಸದಿಂದ ತಲೆ ಎತ್ತದೆ ಹೇಳಿದಳು: “ನಾನು ಬೆಳಿಗ್ಗೆ ಬಂದು ಏನ್ ಮಾಡ್ತೀನೋ ಅಲ್ಲಿಂದ ಶುರು ಮಾಡ್ರಿ. ಸಾವು ಕುಣೀತು ಗಿಣೀತು ಎಲ್ಲ ಬೇಡ.”

ಸರಿ, ಅಲ್ಲಿಂದಲೇ.

೨

ಬೆಳಿಗ್ಗೆ ಬಂದು ಅವಳು ಮೊದಲು ಕಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾಳೆ. ಆಳೆತ್ತರದ ಕರಿಕಲ್ಲು, ಮರದ ಚೌಕಟ್ಟಿಗೆ ಒರಗಿ ನಿಂತಿದೆ. ಸೀಸದಕಡ್ಡಿಯಲ್ಲಿ ಬರೆದ ಅಕ್ಷರದ ಮೇಲೆ ಉಳಿ ಇಟ್ಟು, ಸುತ್ತಿಗೆಯಿಂದ ಟಕ್ ಟಕ್ ಎಂದು ಎರಡೇಟು. ಬಾಯಿಂದ ಊದಿ ಪುಡಿ ಹಾರಿಸುವುದು. ಮತ್ತೆ ಎರಡೇಟು. ನೇರ ಗೀಟು ಯಾರು ಬೇಕಾದರೂ ಎಳೆದಾರು. ಅಕ್ಷರ ದುಂಡಗೆ ತಿರುಗುವಲ್ಲಿ ಕಲ್ಲು ಚಕ್ಕೆ ಏಳುತ್ತದೆ, ಅಲ್ಲೇ ಕಸುಬು ಗೊತ್ತಾಗುವುದು.

ಕೆತ್ತಬೇಕಾದದ್ದು ನಲವತ್ತೊಂದು ಹೆಸರು. ಐವತ್ತೊಂದು ವರ್ಷದ ಹಿಂದೆ ಒಂದು ನದಿಯ ಸೇತುವೆಯನ್ನು ಮೂರು ದಿನ ಹಿಡಿದುಕೊಂಡು ಸತ್ತವರು. ಸೇತುವೆ ಹೋಗಿದ್ದರೆ ಊರು ಹೋಗುತ್ತಿತ್ತು, ಊರು ಹೋಗಿದ್ದರೆ ಯುದ್ಧವೇ ಹೋಗುತ್ತಿತ್ತು. ಹಾಗಾಗಲಿಲ್ಲ. ಶತ್ರು ಅಲ್ಲಿಂದ ಹಿಂದೆ ಸರಿದವನು ಮತ್ತೆ ಮುಂದೆ ಬರಲಿಲ್ಲ.

ನಲವತ್ತೊಂದು ಬೆಸಸಂಖ್ಯೆ. ಎರಡು ಸಾಲು ಮಾಡಿದರೆ ಎಡಕ್ಕೆ ಇಪ್ಪತ್ತೊಂದು, ಬಲಕ್ಕೆ ಇಪ್ಪತ್ತು. ಬಲಗಡೆ ಕೆಳಗೆ ಒಂದು ಹೆಸರಿನಷ್ಟು ಜಾಗ ಬೋಳು. ಸ್ಮಾರಕ ಸಮಿತಿಯ ಕಾರ್ಯದರ್ಶಿ ಅಲ್ಲಿಗೊಂದು ಹೂವು ಕೆತ್ತಿಬಿಡಿ ಎಂದಿದ್ದ. ಕಲ್ಲಕ್ಕ ಹೂಂ ಎಂದಿದ್ದಳೇ ಹೊರತು ಕೈ ಹಾಕಿರಲಿಲ್ಲ. ಸೈನಿಕರ ಸಾಲಿನಲ್ಲಿ ಹೂವು ನಿಲ್ಲಿಸಲು ಅವಳಿಗೆ ಮನಸ್ಸಿರಲಿಲ್ಲ.

೩

ಅನಾವರಣಕ್ಕೆ ಐದು ದಿನ ಇರುವಾಗ ಒಬ್ಬಳು ಹೊಲಿಗೆಯವಳು ಬಂದಳು. ವಯಸ್ಸು ಅರವತ್ತನಾಲ್ಕು. ಆದರೂ ಈ ಕಥೆಯಲ್ಲಿ ಅವಳು ತಂಗಿ. ಸೇತುವೆಗೆ ಹೋದ ಅಣ್ಣನನ್ನು ಬೀದಿ ತಿರುವಿನವರೆಗೆ ಕಳಿಸಿ ಬಂದಾಗ ಅವಳಿಗೆ ಹದಿಮೂರು.

“ನಮ್ಮಣ್ಣನ ಹೆಸರು ಇದರಲ್ಲಿದ್ಯಾ, ಸ್ವಲ್ಪ ನೋಡಿ ಹೇಳ್ತೀರಾ?”

ಇರಲಿಲ್ಲ.

“ಇರಲ್ಲ ಅಂತ ಗೊತ್ತಿತ್ತು. ಆದ್ರೂ ಒಂದ್ಸಲ ಕೇಳೋಣ ಅಂತ ಬಂದೆ,” ಎಂದು ತಂಗಿ ಬಟ್ಟೆಯ ಗಂಟೊಂದನ್ನು ಮುಂದೆ ತಳ್ಳಿದಳು. ಕಲ್ಲಕ್ಕ ದಾರ ಎಳೆದಳು. ಗಂಟು ಬಿಚ್ಚುವ ಬದಲು ಬಿಗಿಯಾಯಿತು. ಇನ್ನೊಂದು ಸಲ ಎಳೆದಳು, ಇನ್ನೂ ಬಿಗಿ.

“ಅಯ್ಯೋ, ಆ ಕಡೆಯಿಂದ ಎಳೀರಿ. ನಂಗೆ ಗಂಟು ಹಾಕೋದು ಕಲಿಸಿದ್ದು ನಮ್ಮಣ್ಣ. ಅವನು ಎಡಚ. ಹಂಗಾಗಿ ನಂದೆಲ್ಲ ಉಲ್ಟಾ. ಅಂಗಡೀಲಿ ಇವತ್ತಿಗೂ ನಗ್ತಾರೆ.”

ಒಳಗೆ ಒಂದು ಫೋಟೋ, ಒಂದು ಹಳೆಯ ವರದಿಯ ಪ್ರತಿ. ಅಣ್ಣ ಟೆಲಿಫೋನ್ ತಂತಿ ಎಳೆಯುವ ಕೆಲಸದವನು. ಸೇತುವೆಯಿಂದ ಹಿಂದಿನ ಗುಡ್ಡದ ಮೇಲಿನ ಫಿರಂಗಿಯವರಿಗೆ ಅದೊಂದೇ ತಂತಿ. ಎಲ್ಲಿ ಗುಂಡು ಹಾಕಬೇಕೆಂದು ಹೇಳುವುದಕ್ಕೆ ಬೇರೆ ದಾರಿಯಿಲ್ಲ. ಎರಡನೆಯ ದಿನ ಮಧ್ಯಾಹ್ನ ತಂತಿ ಕಡಿದುಹೋಯಿತು. ಒಂದೂಕಾಲು ಗಂಟೆಯ ಮೇಲೆ ತಾನಾಗಿಯೇ ಎಂಬಂತೆ ಜೀವ ಬಂತು. ಅಷ್ಟರಲ್ಲಿ ಅಣ್ಣ ಜಾಗದಲ್ಲಿರಲಿಲ್ಲ. ಮುಂದೆಯೂ ಸಿಗಲಿಲ್ಲ. ವರದಿಯ ಕೊನೆಯ ಸಾಲು: ‘ಹೇಳದೆ ಕೇಳದೆ ಠಾಣೆ ಬಿಟ್ಟು ಓಡಿಹೋದವನು.’

ಆ ಒಂದು ಸಾಲಿಗೆ ಅವರಮ್ಮ ಬೀದಿಗೆ ಬರುವುದನ್ನೇ ಬಿಟ್ಟಳು. ತಂಗಿಗೆ ಬಂದ ಎರಡು ಸಂಬಂಧಗಳೂ ಬಾಗಿಲ ತನಕ ಬಂದು ವಾಪಸ್ಸು ಹೋದವು.

೪

(ಇಲ್ಲಿ ನಾನೊಂದು ಆಟ ಹೂಡಿದ್ದೆ. ಅಣ್ಣ ಸತ್ತೇ ಇಲ್ಲ. ನೆನಪು ಕಳೆದುಕೊಂಡು ಯಾವುದೋ ಊರಲ್ಲಿದ್ದಾನೆ. ಅನಾವರಣದ ದಿನ ಗುಂಪಿನಲ್ಲಿ ಬಂದು ನಿಲ್ಲುತ್ತಾನೆ. ಓದುಗರ ಕಣ್ಣಲ್ಲಿ ನೀರು, ನನಗೊಂದು ಪ್ರಶಸ್ತಿ. ತಂಗಿಗೆ ಓದಿ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟಳು.

“ಐವತ್ತೊಂದು ವರ್ಷ ಬಾಗಿಲು ನೋಡಿದ್ದು ಸಾಲ್ದಾ? ಈಗ ನೀವು ಬೇರೆ ಬರ್ತಾನೆ ಅಂತೀರಾ? ಸತ್ತೋನನ್ನ ಸತ್ತ ಅಂತ ಬರೀರಿ, ಸಾರ್. ಓಡಿಹೋದ ಅಂತ ಮಾತ್ರ ಬೇಡ.”

ಆ ಪುಟವನ್ನೂ ಹರಿದೆ. ಪ್ರಶಸ್ತಿ ಯಾರಿಗೆ ಬೇಕು. ಅಂದರೆ, ಬೇಕು. ಆದರೂ.)

೫

ಮಾರನೆಯ ದಿನ ಕಲ್ಲಕ್ಕ ಕಲ್ಲು ನಿಲ್ಲಿಸುವ ಜಾಗದ ಅಳತೆ ತೆಗೆಯಲು ಸ್ಮಾರಕ ಭವನಕ್ಕೆ ಹೋದಳು. ಟೇಪು ಹಿಡಿದು ಅಂಗಳ ಅಳೆದು, ನೀರು ಕುಡಿಯಲು ಒಳಗೆ ಬಂದಳು. ಗೋಡೆಯ ಬದಿ ಗಾಜಿನ ಪೆಟ್ಟಿಗೆಯಲ್ಲಿ ತುಕ್ಕು ಹಿಡಿದ ಹೆಲ್ಮೆಟ್ಟು, ಬೂಟು, ಒಂದು ಸುರುಳಿ ತಂತಿ. ಕೆಳಗೆ ಚೀಟಿ: ‘ಸೇತುವೆಯ ಟೆಲಿಫೋನ್ ತಂತಿ. ಎರಡನೆಯ ದಿನ ಜೋಡಿಸಿದವರು ಯಾರೆಂದು ತಿಳಿದಿಲ್ಲ.’

ಅವಳು ನೀರು ಕುಡಿಯುವುದನ್ನು ಮರೆತಳು.

ಆ ತಂತಿಯಲ್ಲಿ ಐದು ಕಡೆ ಜೋಡಣೆ ಇತ್ತು. ಎರಡು ಕಡೆ ಮೇಲಿನ ಅಂಟುಟೇಪು ಒಂದು ದಿಕ್ಕಿಗೆ ಸುತ್ತಿತ್ತು. ಉಳಿದ ಮೂರರಲ್ಲಿ ಅದರ ಎದುರು ದಿಕ್ಕಿಗೆ. ಮೂವತ್ತು ವರ್ಷ ಉಳಿಯ ಗುರುತು ನೋಡಿದವಳಿಗೆ ಕೈ ಯಾವುದೆಂದು ಕೇಳಬೇಕಾಗಿರಲಿಲ್ಲ. ಕನ್ನಡಕ ಒರೆಸಿ ಮತ್ತೆ ನೋಡಿದಳು. ಮೂರೂ ಜೋಡಣೆ ಅಚ್ಚುಕಟ್ಟಾಗಿದ್ದವು. ಸುತ್ತ ಗುಂಡು ಬೀಳುವಾಗ ಮನುಷ್ಯನೊಬ್ಬ ಕೂತು ಟೇಪಿನ ತುದಿಯನ್ನು ಒಳಗೆ ಮಡಚಿದ್ದ.

“ಎಡಚ,” ಎಂದಳು, ಗಾಜಿಗೆ ಹಣೆ ಒತ್ತಿ. ಕಾವಲುಗಾರ ಗಾಬರಿಯಾಗಿ, “ಯಾರನ್ನಮ್ಮಾ ಬೈತಿದ್ದೀರ?” ಎಂದ.

೬

ಅಣ್ಣನ ಹೆಸರನ್ನೂ ಕೆತ್ತೋಣವೆಂದರೆ ಕಾರ್ಯದರ್ಶಿ ಒಪ್ಪಲಿಲ್ಲ. ಕೆಟ್ಟವನೇನಲ್ಲ ಪಾಪ, ಪಟ್ಟಿ ಪ್ರಿಂಟಾಗಿತ್ತು, ಆಹ್ವಾನಪತ್ರಿಕೆ ಹಂಚಿಯಾಗಿತ್ತು. “ಟೇಪು ನೋಡಿ ಇತಿಹಾಸ ಬದಲಾಯಿಸೋಕಾಗುತ್ತಾ, ಅಕ್ಕ? ವರದಿ ಬರೆದ ಮೇಜರ್ ಇನ್ನೂ ಇದ್ದಾರೆ. ಅವರು ಹೇಳಲಿ, ನೋಡೋಣ.”

ಹೇಳಿಸಿದರಾಯಿತು ಎಂದು ಕಲ್ಲಕ್ಕ ತಂಗಿಯನ್ನು ಕರೆದುಕೊಂಡು ಮೇಜರ್ ಮನೆಗೆ ಹೋದಳು.

ಮೇಜರಿಗೆ ಎಪ್ಪತ್ತೆಂಟು. ಮೊದಲ ಮಹಡಿ, ಕಿಟಕಿಯ ಪಕ್ಕ ಕುರ್ಚಿ. ಕಲ್ಲಕ್ಕ ಎಡಗೈಯ ಜೋಡಣೆಯ ವಿಷಯ ಹೇಳಿ ಮುಗಿಸುವಾಗ ಅವರು ವರದಿಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು.

(ಅವರನ್ನು ದುಷ್ಟನನ್ನಾಗಿ ಮಾಡುವ ಆಸೆ ನನಗಿತ್ತು. ಕಥೆಗೊಬ್ಬ ಬೇಕಲ್ಲ. ಆದರೆ ಅವರು ತಾವೇ ಬರೆದ ಕೊನೆಯ ಸಾಲನ್ನು ಎರಡು ಸಲ ಓದಿದರು. ಬಿಟ್ಟುಬಿಟ್ಟೆ.)

“ಸಲ್ಯೂಟೂ ಎಡಗೈಯಲ್ಲೇ ಹೊಡೆದಿದ್ದ, ಮೊದಲನೇ ದಿನ,” ಎಂದರು. “ಬೈದಿದ್ದೆ. ನಮ್ಮಲ್ಲಿ ಎಡಚ ಅಂದ್ರೆ ಅವನೊಬ್ಬನೇ.”

“ಹಂಗಾದ್ರೆ ತಂತಿ ಯಾರು ಜೋಡ್ಸಿದ್ರು ಅಂದ್ಕೊಂಡಿದ್ರಿ, ಸಾರ್?” ಕಲ್ಲಕ್ಕ ಕೇಳಿದಳು.

“ಗುಡ್ಡದೋರು ಅಂದ್ಕೊಂಡೆ. ಗುಡ್ಡದೋರು ಸೇತುವೆಯೋರು ಅಂದ್ಕೊಂಡ್ರು. ವರ್ಷ ಕಳೆದ ಮೇಲೆ ಅವರ ಡೈರಿ ನನ್ನ ಕೈಗೆ ಬಂತು. ‘ನಾವು ಹೊರಡುವ ಮೊದಲೇ ತಂತಿ ಮಾತಾಡಿತು’ ಅಂತ ಬರ್ದಿತ್ತು. ಓದಿದೆ. ಪುಟ ತಿರುಗಿಸಿದೆ.” ಅವರು ತಂಗಿಯ ಕಡೆ ತಿರುಗಿದರು. “ಆವತ್ತೇ ನಿಮ್ಮ ಮನೆಗೆ ಬರಬೇಕಿತ್ತು, ತಾಯಿ. ಸುಮ್ನಿದ್ದೆ. ನನ್ನ ತಪ್ಪು ನಾನೇ ಒಪ್ಕೊಳ್ಳೋಕೆ ಧೈರ್ಯ ಬರಲಿಲ್ಲ.”

ಕ್ಷಮಿಸಿದ್ದೇನೆ ಎಂದು ತಂಗಿ ಹೇಳಲಿಲ್ಲ. ಹೇಳಿಸಲು ನಾನೂ ಹೋಗಲಿಲ್ಲ. ಅವಳು ಕೇಳಿದ್ದು ಇಷ್ಟೇ: “ಶನಿವಾರ ಎಲ್ಲರ ಮುಂದೆ ಹೇಳ್ತೀರಾ?”

“ಹೇಳ್ತೀನಿ.”

೭

ಬೋಳು ಜಾಗಕ್ಕೆ ಹೂವು ಬರಲಿಲ್ಲ, ಐದು ಅಕ್ಷರ ಬಂದವು. ಮೂರನೆಯದಕ್ಕೆ ಒತ್ತಕ್ಷರ, ಅದರ ಬಾಲ ದುಂಡಗೆ ತಿರುಗಬೇಕು. ಕಲ್ಲಕ್ಕ ಉಸಿರು ಹಿಡಿದು ಉಳಿ ಇಟ್ಟಳು. ಪಕ್ಕದಲ್ಲಿ ತಂಗಿ ಕೂತಿದ್ದಳು. ಒಂದು ಚಕ್ಕೆಯೂ ಏಳಲಿಲ್ಲ.

೮

ಶನಿವಾರ ಹತ್ತೂವರೆ. ಬಿಸಿಲು ಅಂಗಳ ತುಂಬಿತ್ತು. ಬದುಕುಳಿದ ಒಂಬತ್ತು ಮಂದಿ ಮುದುಕರು ಮುಂದಿನ ಸಾಲಿನಲ್ಲಿ, ಇಸ್ತ್ರಿಯ ಕೋಟಿನ ಮೇಲೆ ಪದಕ ತೂಗಿಸಿಕೊಂಡು. ಕಾರ್ಯದರ್ಶಿ ಪಟ್ಟಿ ಓದಿದ. ನಲವತ್ತೊಂದು ಮುಗಿಯಿತು. ಮೇಜರ್ ಕೋಲೂರಿ ಮೈಕಿನ ಮುಂದೆ ಬಂದರು.

“ಇನ್ನೊಬ್ಬನಿದ್ದಾನೆ. ಓಡಿಹೋದ ಅಂತ ನಾನು ಬರ್ದೆ. ಅವನು ಓಡಿದ್ದು ನಿಜ. ಗುಂಡು ಬೀಳ್ತಿದ್ದ ಕಡೆಗೆ ಓಡಿದ. ಮೂರು ಕಡೆ ತಂತಿ ಜೋಡಿಸಿದ, ವಾಪಸ್ ಬರಲಿಲ್ಲ. ಅವನು ಓಡದೇ ಇದ್ದಿದ್ರೆ ಇಲ್ಲಿ ಕೂತಿರೋ ಈ ಒಂಬತ್ತು ಜನ ಇರ್ತಿರಲಿಲ್ಲ. ನಾನೂ ಇರ್ತಿರಲಿಲ್ಲ. ಈ ಊರೂ ಇರ್ತಿರಲಿಲ್ಲ.”

ಆಮೇಲೆ ಐದಕ್ಷರದ ಆ ಹೆಸರನ್ನು ಕೂಗಿದರು. ಓದಲಿಲ್ಲ, ಹಾಜರಿ ಕೂಗುವ ಹಾಗೆ ಕೂಗಿದರು.

ಯಾರೂ ಹೇಳಿಕೊಟ್ಟಿರಲಿಲ್ಲ. ಒಂಬತ್ತೂ ಮಂದಿ ಎದ್ದು ನಿಂತರು. ಗಾಲಿಕುರ್ಚಿಯಲ್ಲಿದ್ದವನು ಅಕ್ಕಪಕ್ಕದವರ ಭುಜಕ್ಕೆ ಕೈ ಹಾಕಿ, “ಎತ್ರೋ, ನನ್ನನ್ನೂ ಎತ್ರೋ!” ಎಂದ. ಒಂದೇ ಗಂಟಲಿನಲ್ಲಿ ಉತ್ತರ ಬಂತು: “ಹಾಜರ್!” ಭವನದ ಪಾರಿವಾಳಗಳೆಲ್ಲ ಎದ್ದವು. ಕಾರ್ಯದರ್ಶಿಯ ಸನ್ನೆಗೆ ಕಾಯದೆ ಬ್ಯಾಂಡಿನವನು ಡೋಲು ಹೊಡೆದೇಬಿಟ್ಟ. ಚಪ್ಪಾಳೆ ಅಂಗಳ ದಾಟಿ ಬೀದಿಗೆ ಹೋಯಿತು. ಏನೆಂದು ಗೊತ್ತಿಲ್ಲದ ಬಸ್ಸಿನವರೂ ಕಿಟಕಿಯಿಂದ ಕೈ ತಟ್ಟಿದರು.

ತಂಗಿ ಅತ್ತಳೇ? ಬರೆದುಕೊಂಡು ಬಂದಿದ್ದೆ, ‘ಕಣ್ಣೀರ ಕೋಡಿ’ ಎಂದು. ಅವಳು ನಕ್ಕಳು. ತಲೆ ಎತ್ತಿ, ಬಾಯಿ ತುಂಬ, ಬೀದಿಗೆ ಕೇಳುವ ಹಾಗೆ ನಕ್ಕಳು.

(ಇಲ್ಲಿ ಮೇಜರ್ ಎಡಗೈಯಲ್ಲಿ ಸಲ್ಯೂಟ್ ಹೊಡೆದರು ಎಂದು ಬರೆದರೆ ಎಷ್ಟು ಚೆನ್ನಾಗಿರುತ್ತಿತ್ತು! ಮೇಜರ್ ಒಪ್ಪಲಿಲ್ಲ. “ಸಲ್ಯೂಟು ಬಲಗೈಯಲ್ಲೇ ಕಣ್ರೀ. ಅವನಿಗೂ ಅದನ್ನೇ ಹೇಳಿದ್ದೆ.” ಬಲಗೈಯಲ್ಲೇ ಹೊಡೆದರು. ಕೋಲು ಬಿದ್ದುಹೋಯಿತು. ಅವರು ಬೀಳಲಿಲ್ಲ.)

೯

ಇಲ್ಲಿಗೆ ಮುಗಿಸೋಣವೆಂದು ಪೆನ್ನಿನ ಮುಚ್ಚಳ ಹಾಕಿದೆ. ಎರಡು ಸಾಲು, ಇಪ್ಪತ್ತೊಂದು, ಇಪ್ಪತ್ತೊಂದು. ಇದಕ್ಕಿಂತ ಸಮವಾದ ಅಂತ್ಯ ಎಲ್ಲಿ ಸಿಗುತ್ತದೆ?

ಸೋಮವಾರ ಬೆಳಿಗ್ಗೆ ಕಲ್ಲಕ್ಕನ ಕಾರ್ಖಾನೆಯ ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಒಬ್ಬ ಲಾರಿ ಡ್ರೈವರ್. ಅವನಪ್ಪ ಆ ಮೂರು ದಿನ ದೋಣಿಯಲ್ಲಿ ಗಾಯಾಳುಗಳನ್ನು ದಾಟಿಸಿ, ಕೊನೆಯ ಸಲ ವಾಪಸ್ಸು ಬರದವನು. ಇನ್ನೊಬ್ಬಳು ನರ್ಸು, ಅವಳ ದೊಡ್ಡಮ್ಮನೂ ನರ್ಸೇ, ಸೇತುವೆಯ ಕೆಳಗೆ ಸತ್ತವಳು. ಸತ್ತ ಆ ಇಬ್ಬರೂ ಸೈನಿಕರಲ್ಲವೆಂದು ಯಾವ ಪಟ್ಟಿಯಲ್ಲೂ ಇಲ್ಲ.

ನಾನು ಅಡ್ಡ ಬಂದೆ. “ಕಥೆ ಮುಗಿದಿದೆ ಅಕ್ಕ. ಕಲ್ಲಲ್ಲೂ ಜಾಗ ಇಲ್ಲ.”

ಕಲ್ಲಕ್ಕ ಕನ್ನಡಕ ಏರಿಸಿದಳು, ಉಳಿಯ ಚೀಲ ಹೆಗಲಿಗೆ ಹಾಕಿಕೊಂಡಳು, ಇಬ್ಬರನ್ನೂ ಮುಂದೆ ಬಿಟ್ಟುಕೊಂಡು ಭವನದ ಕಡೆ ಹೊರಟಳು. ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದಳು.

“ಯಾಕಿಲ್ಲ? ಕಲ್ಲಿಗೆ ಬೆನ್ನಿಲ್ವಾ?”