ನನ್ನದು ಒಂಬತ್ತು, ಅವರದು ಸೊನ್ನೆ

ನನ್ನ ಆಪರೇಷನ್ ಮುಗಿಸಿಕೊಂಡು ಶಿವಮೊಗ್ಗದಿಂದ ಪಂಚನಹಳ್ಳಿಗೆ ಬಂದ ದಿನವೇ ನಮ್ಮ ಯಜಮಾನರು, ಕೋಣೆಯಲ್ಲಿ ಜೋಡಿಸಿದ್ದ ಎರಡು ಮಂಚಗಳಲ್ಲಿ ತಮ್ಮದನ್ನು ಪಡಸಾಲೆಗೆ ಎಳೆದುಕೊಂಡು ಹೋದರು. ಯಾಕೆ ಎಂದರೆ "ಸೆಕೆ ಕಣೇ" ಎಂದರು. ಸಂಕ್ರಾಂತಿ ಕಳೆದು ವಾರವಾಗಿತ್ತು. ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ ಎನ್ನುವ ಚಳಿಯಲ್ಲಿ ಈ ಮಹಾರಾಯರಿಗೆ ಸೆಕೆಯಂತೆ!

ಇಪ್ಪತ್ತೇಳು ವರ್ಷ ನನ್ನ ಎಡಕ್ಕೆ ಮಲಗಿದ ಮನುಷ್ಯ. ಈಗ ನನಗೆ ಎಡಗಡೆಯ ಎದೆಯೇ ಇಲ್ಲ. ಅಸಹ್ಯವಾಗಿರಬೇಕು ಎಂದುಕೊಂಡೆ. ಬಾಯಿಬಿಟ್ಟು ಕೇಳಲಿಲ್ಲ. ಕೇಳಿ, ಹೌದು ಎಂದುಬಿಟ್ಟರೆ ಏನು ಮಾಡುವುದು? ಅಜ್ಜಂಪುರಕ್ಕೆ ಕೊಟ್ಟ ಮಗಳು ಅನುಪಮಾ ದಿನವೂ ಫೋನ್ ಮಾಡುತ್ತಿದ್ದಳು. ಅವಳಿಗೂ ಹೇಳಲಿಲ್ಲ. ಮಗಳ ಹತ್ತಿರ ಹೇಳಿಕೊಳ್ಳುವ ಮಾತೇ ಅದು?

ಉಳಿದಿದ್ದೆಲ್ಲ ತಡೆದುಕೊಂಡೆ. ಮೂರು ವಾರಕ್ಕೊಮ್ಮೆ ಕೀಮೋ, ವಾಂತಿ, ಬಾಯಿಹುಣ್ಣು. ಬಾಚಣಿಗೆ ಹಾಕಿದರೆ ಹಿಡಿ ಹಿಡಿ ಬಂದ ಕೂದಲು. ಅವೆಲ್ಲ ಕಾಯಿಲೆಯ ಕಾಟ, ಬಂದ ಹಾಗೆ ಹೋಗುತ್ತವೆ. ಆ ಖಾಲಿ ಜಾಗ ಮಾತ್ರ ದಿನಾ ನನ್ನ ಕಣ್ಣಿಗೆ ಚುಚ್ಚುತ್ತಿತ್ತು.

ನಮ್ಮ ಯಜಮಾನರ ಹೆಸರು ಶಿವಮೂರ್ತಪ್ಪ. ಬೋರ್‌ವೆಲ್ ಮೋಟರು ಇಳಿಸುವುದು, ಎತ್ತುವುದು, ರಿಪೇರಿ ಮಾಡುವುದು ಅವರ ಕೆಲಸ. ಯಗಟಿಯಿಂದ ಈಚೆಗೆ ಎಲ್ಲಿ ಮೋಟರು ಸುಟ್ಟರೂ ಇವರಿಗೇ ಕರೆ. ಜೇಬಿನಲ್ಲಿ ಎಣ್ಣೆ ಹತ್ತಿದ ಒಂದು ನೋಟ್‌ಬುಕ್ಕು ಸದಾ ಇರುತ್ತದೆ, ಮದುವೆ ಮನೆಗೆ ಹೋದರೂ. ನಾನು ಯಾವತ್ತೂ ಅದನ್ನು ತೆರೆದು ನೋಡಿದವಳಲ್ಲ.

ಮೂರನೇ ಕೀಮೋ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಯಜಮಾನರು ಔಷಧಿ ತರಲು ಹೋಗಿದ್ದರು. ಓದುವ ಹುಡುಗಿಯೊಬ್ಬಳು ಹಾಳೆಗಳ ಕಟ್ಟು ಹಿಡಿದು ಪಕ್ಕದಲ್ಲಿ ಬಂದು ಕೂತಳು.

"ಅಮ್ಮಾ, ನಾನು ಸ್ಫೂರ್ತಿ ಅಂತ. ಈ ಕಾಯಿಲೆ ಬಂದವರಿಗೆ ಎಷ್ಟು ಒತ್ತಡ ಇರುತ್ತೆ ಅಂತ ಅಳೀತಾ ಇದ್ದೀವಿ."

"ಬೆಳಗ್ಗೆಯೇ ನರ್ಸಮ್ಮ ಕೈಗೆ ಪಟ್ಟಿ ಕಟ್ಟಿ ನೋಡಿದ್ರಲ್ಲವ್ವಾ. ನೂರಿಪ್ಪತ್ತು ಅಂದ್ರು."

ಹುಡುಗಿ ನಕ್ಕಳು. "ಅದು ರಕ್ತದ್ದು. ಇದು ಮನಸ್ಸಿಂದು."

ಹಾಳೆಯಲ್ಲಿ ನೆಟ್ಟಗೆ ನಿಂತ ಒಂದು ಕೊಳವೆಯ ಚಿತ್ರವಿತ್ತು, ಜ್ವರ ನೋಡುವ ಕಡ್ಡಿಯ ಹಾಗೆ. ಬುಡದಲ್ಲಿ ಸೊನ್ನೆ, ತುದಿಯಲ್ಲಿ ಹತ್ತು, ದಪ್ಪ ದಪ್ಪ ಅಂಕಿಗಳಲ್ಲಿ. "ಏನೂ ಸಂಕಟ ಇಲ್ಲ ಅಂದ್ರೆ ಸೊನ್ನೆ. ತಡೆಯೋಕೇ ಆಗಲ್ಲ ಅನ್ನೋಷ್ಟಿದ್ರೆ ಹತ್ತು. ಈ ವಾರ ಎಷ್ಟಿತ್ತೋ ಅಲ್ಲೊಂದು ಗೆರೆ ಹಾಕಿ" ಎಂದಳು.

ಎರಡಕ್ಕೋ ಮೂರಕ್ಕೋ ಹಾಕಿ ಕೈತೊಳೆದುಕೊಳ್ಳೋಣ ಎಂದಿದ್ದೆ. ಆದರೆ ಎಷ್ಟು ಎಂದು ಅದುವರೆಗೆ ನನ್ನನ್ನು ಕೇಳಿದವರೇ ಇರಲಿಲ್ಲ. ಎಲ್ಲರೂ ಧೈರ್ಯವಾಗಿರು ಎಂದು ಹೇಳಿ ಕಾಫಿ ಕುಡಿದು ಹೋಗಿದ್ದರು. ಕೈ ತಾನಾಗಿಯೇ ಒಂಬತ್ತಕ್ಕೆ ಹೋಯಿತು. ಕೆಳಗೆ ಯಾವ ವಿಚಾರಕ್ಕೆ ಸಂಕಟ ಎಂದು ಗುರುತು ಹಾಕುವ ಪಟ್ಟಿಯಿತ್ತು. "ಗಂಡ ಅಥವಾ ಹೆಂಡತಿ" ಎಂಬಲ್ಲಿ ಗುರುತು ಹಾಕಿ ಹೆಬ್ಬೆರಳಿನಲ್ಲಿ ಮುಚ್ಚಿಕೊಂಡೆ.

ಅಷ್ಟರಲ್ಲಿ ಯಜಮಾನರು ಬಂದರು. ಸ್ಫೂರ್ತಿ ಅವರಿಗೂ ಒಂದು ಹಾಳೆ ಕೊಟ್ಟಳು. "ನೋಡ್ಕೊಳ್ಳೋರದ್ದೂ ಅಳೀತೀವಿ ಸಾರ್. ನಿಮ್ಮ ಮನಸ್ಸಿನ ಮಟ್ಟ ಎಷ್ಟಿದೆ, ಒಂದು ಗೆರೆ ಹಾಕಿ." ಇನ್ನೂ ಏನೋ ಹೇಳಬೇಕೆನ್ನುವಾಗ ಯಾರೋ ಕರೆದರು, ಎದ್ದುಹೋದಳು. ಹಾಳೆಯ ಮೇಲೆ ಸಣ್ಣ ಅಕ್ಷರದಲ್ಲಿ ಎಲ್ಲ ಬರೆದಿತ್ತು. ಆದರೆ ಇವರು ಕನ್ನಡಕವನ್ನು ಊರಲ್ಲಿ ಬಿಟ್ಟು ಬಂದಿದ್ದರು, ಹಾಗೆಂದು ಬಾಯಿಬಿಡುವ ಜನವೂ ಅಲ್ಲ.

ಮೊದಲು ನನ್ನ ಹಾಳೆಯ ಕಡೆ ಬಗ್ಗಿ ನೋಡಿದರು. ಗೆರೆ ಕಂಡು ಮುಖ ಅರಳಿತು. "ಒಂಬತ್ತಾ! ಪರವಾಗಿಲ್ಲ ಕಣೇ!" ಎಂದರು. ಆಮೇಲೆ ತಮ್ಮ ಹಾಳೆಯನ್ನು ಬಹಳ ಹೊತ್ತು ನೋಡಿ, ಬುಡದಲ್ಲಿ, ಸರಿಯಾಗಿ ಸೊನ್ನೆಯ ಮೇಲೆ ಗೆರೆ ಎಳೆದರು.

ಸ್ಫೂರ್ತಿ ಬಂದು ಹಾಳೆ ತೆಗೆದುಕೊಂಡಳು. "ಸೊನ್ನೆ! ಗಟ್ಟಿ ಮನುಷ್ಯರು ಸಾರ್ ನೀವು." ಇವರು ಕಣ್ಣು ಪಿಳಿಪಿಳಿ ಬಿಟ್ಟರು. ಅವಳು ನನ್ನ ಕಿವಿಯ ಹತ್ತಿರ ಬಗ್ಗಿ, "ಅಮ್ಮಾ, ಮುಂದಿನ ಸಲ ಕೌನ್ಸೆಲರ್ ಮೇಡಂ ಹತ್ರ ಕೂತು ಮಾತಾಡೋಣ, ಆಯ್ತಾ?" ಎಂದಳು. ತಲೆಯಾಡಿಸಿದೆ.

ತರೀಕೆರೆ ದಾಟುವವರೆಗೂ ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಹೆಂಡತಿಗೆ ಒಂಬತ್ತು, ಗಂಡನಿಗೆ ಸೊನ್ನೆ. ಸಾಲದ್ದಕ್ಕೆ ಪರವಾಗಿಲ್ಲವಂತೆ! ಕಡೂರಿನಲ್ಲಿ ಬಸ್ಸು ಬದಲಿಸುವಾಗ ಈ ಮನುಷ್ಯ ಹಲ್ಲು ಕಿರಿಯುತ್ತಾ ಎರಡು ಮೊಳ ಮಲ್ಲಿಗೆ ಹಿಡಿದು ಬಂದರು.

"ಎಲ್ಲಿಗೆ ಮುಡ್ಕೊಳ್ಲಿ? ಕಿವಿಗಾ?" ಎಂದು ತಲೆಯ ಬಟ್ಟೆ ಸರಿಸಿ ತೋರಿಸಿದೆ. ಅವರ ಮುಖ ಸಣ್ಣದಾಯಿತು. ನನಗೆ ಅಷ್ಟೇ ಬೇಕಾಗಿತ್ತು.

ಹನ್ನೆರಡು ದಿನ ಎಷ್ಟು ಬೇಕೋ ಅಷ್ಟೇ ಮಾತು. ಮಾತ್ರೆ ನುಂಗಿದೆಯಾ, ನುಂಗಿದೆ. ಊಟಕ್ಕೆ ಬನ್ನಿ, ಬಂದೆ. ಹದಿಮೂರನೇ ದಿನ ಸಂಜೆ ಇವರು ರಾಗಿ ಬೀಸಿಸಲು ಗಿರಣಿಗೆ ಹೋಗಿದ್ದಾಗ ಎಮ್ಮೆದೊಡ್ಡಿ ಕಡೆಯ ದೊಡ್ಡಬೀರಪ್ಪ ಬಾಗಿಲಿಗೆ ಬಂದರು.

"ಏನವ್ವಾ, ಶಿವಮೂರ್ತಿ ಇಲ್ವಾ? ನಮ್ ಬೋರಿಗೆ ಎಷ್ಟಡಿ ಪೈಪು ಬಿಟ್ಟವ್ನೆ ಅಂತ ಅವನ ಬುಕ್ಕಾಗೆ ಐತೆ. ಒಸಿ ನೋಡಿ ಹೇಳವ್ವಾ."

ಗಿರಣಿಯ ಹಿಟ್ಟು ಹತ್ತೀತೆಂದು ಅವರು ಬಿಚ್ಚಿ ಗೂಟಕ್ಕೆ ಹಾಕಿ ಹೋಗಿದ್ದ ಅಂಗಿಯ ಜೇಬಿನಿಂದ ನೋಟ್‌ಬುಕ್ಕು ತೆಗೆದೆ. ಪುಟಕ್ಕೊಂದು ಬೋರು. ನೆಟ್ಟಗೆ ಎರಡು ಗೆರೆ, ನಡುವೆ ಎಲ್ಲೋ ಒಂದು ಅಡ್ಡಗೆರೆ, ಕೆಳಗೆ ಹೆಸರು. ಅಡಿಯ ಲೆಕ್ಕ ಓದಿ ಹೇಳಿದೆ.

"ಅಡ್ಡಗೆರೆ ಎಲ್ಲಿಗೆ ಹಾಕವ್ನೆ?"

"ಮೇಲಕ್ಕಿದೆ."

"ಹಂಗಾರೆ ನೀರೈತೆ ಬುಡವ್ವಾ. ತಳದಾಗಿದ್ರೆ ಬತ್ತೋಗೈತೆ ಅಂತ ಲೆಕ್ಕ" ಎಂದು ಅವರು ಹೊರಟರು.

ನೋಟ್‌ಬುಕ್ಕು ಮುಚ್ಚುವಾಗ ಕೊನೆಯ ಪುಟ ಕಣ್ಣಿಗೆ ಬಿತ್ತು. ಅಲ್ಲಿ ಒಂದರ ಪಕ್ಕ ಒಂದು ಎರಡು ಬೋರು. ಒಂದರ ಅಡ್ಡಗೆರೆ ಹೆಚ್ಚುಕಡಿಮೆ ಬಾಯಿಯ ಹತ್ತಿರ. ಕೆಳಗೆ ನನ್ನ ಹೆಸರು, "ಜಯ. ನೀರಿದೆ" ಎಂದು ಬರೆದಿತ್ತು. ಇನ್ನೊಂದರ ಗೆರೆ ಪೂರ್ತಿ ತಳದಲ್ಲಿ. ಕೆಳಗೆ "ನಾನು" ಎಂದಷ್ಟೇ ಇತ್ತು.

ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಯಾವುದನ್ನು ತಡೆಯಬೇಕೋ ತಿಳಿಯದೆ ಎರಡನ್ನೂ ಬಿಟ್ಟೆ.

ಮೊಪೆಡ್ ನಿಲ್ಲಿಸಿ ಹಿಟ್ಟಿನ ಚೀಲ ಹೊತ್ತು ಅವರು ಒಳಗೆ ಬಂದರು. ಮೀಸೆಯೆಲ್ಲ ರಾಗಿಹಿಟ್ಟು. "ರೀ, ಇದೇನ್ರೀ?" ಎಂದು ಪುಟ ತೋರಿಸಿದೆ.

ಕದ್ದು ಸಿಕ್ಕಿಬಿದ್ದವರ ಹಾಗೆ ನಿಂತರು. "ಆ ಹುಡ್ಗಿ ಮಟ್ಟ ಎಷ್ಟೈತೆ ಅಂದ್ಲಲ್ಲೇ. ನಂದು ತಳ ಕಂಡೋಗಿತ್ತು, ಸುಳ್ಳು ಬರೆಯಕ್ಕಾಯ್ತದಾ? ನೀನಾದ್ರೂ ತುಂಬ್ಕೊಂಡಿದ್ದೀಯಲ್ಲ ಅಂತ ಸಮಾಧಾನ ಆಯ್ತು. ಅದ್ನ ನೋಡ್ಕೊಂಡೇ ಇಷ್ಟು ದಿನ ತಳ್ಳಿದೀನಿ."

"ಅದು ಬೋರಲ್ಲ ಕಣ್ರೀ. ಅದ್ರಲ್ಲಿ ಮೇಲಕ್ಕೆ ಹೋದಷ್ಟೂ ಸಂಕಟ ಜಾಸ್ತಿ ಅಂತ."

ನೋಟ್‌ಬುಕ್ಕು ಕೈಗೆ ತೆಗೆದುಕೊಂಡು ತಲೆಕೆಳಗಾಗಿ ತಿರುಗಿಸಿ ಹಿಡಿದು ನೋಡಿದರು. ಈಗ ತಳ ಕಂಡಿದ್ದು ನನ್ನ ಬೋರು. ಅವರ ಮುಖದ ಬಣ್ಣವೇ ಇಳಿದುಹೋಯಿತು.

"ಲೇ ಜಯಾ... ಅವತ್ತು ನಾನು ಹೂವ ತಂದ್ನಲ್ಲೇ."

"ತಂದ್ರಿ. ಬೋಳು ತಲೆಗೆ."

"ಒಂಬತ್ತು ಯಾಕೇ? ಅಷ್ಟೊಂದು ನೋವಾ?"

"ಮಂಚ."

"ಯಾವ ಮಂಚ?"

"ಪಡಸಾಲೆಗೆ ಹೋಯ್ತಲ್ಲ, ಆ ಮಂಚ. ನನ್ನ ಕಂಡ್ರೆ ನಿಮಗೆ ಅಸಹ್ಯ ಆಗೈತೆ ಅಂದ್ಕೊಂಡೆ."

ಅವರು ಪುಟ ಮುಚ್ಚಿದರು. "ನಿದ್ದೇಲಿ ಕೈ ಒಗೀತೀನಿ ಅಂತ ಮದುವೆ ಆದಾಗಿಂದ ಬೈತಿದ್ದೋಳು ನೀನೇ ತಾನೇ? ಹೊಲಿಗೆ ಮೇಲೆ ಬಿದ್ಬಿಟ್ರೆ ಏನ್ ಗತಿ ಅಂತ ಭಯ ಆಯ್ತು ಕಣೇ."

"ಸೆಕೆ ಅಂದ್ರಿ."

"ಭಯ ಅಂದಿದ್ರೆ ನೀನೂ ಹೆದರ್ಕೊಂತಿದ್ದೆ."

"ಗಾಯ ಒಣಗಿ ಎಷ್ಟು ದಿನ ಆಯ್ತು!"

"ನೀನೇ ಕರೀಲಿಲ್ವಲ್ಲೇ" ಎಂದರು.

ಹೊತ್ತು ಇನ್ನೂ ಮುಳುಗಿರಲಿಲ್ಲ. ಆಗಲೇ ಮಂಚ ಎಳೆದು ತಂದರು. ಅಭ್ಯಾಸದಂತೆ ಎಡಗಡೆಗೆ ತಂದು ಗಕ್ಕನೆ ನಿಂತರು. "ಬಲಗಡೆಗೆ ಹಾಕ್ರೀ" ಎಂದೆ. ಹಾಕಿದರು. ನಾನು ಕೋಣೆಯ ಬಾಗಿಲು ಮುಂದೆ ಮಾಡಿ, ರವಿಕೆಯ ಗುಂಡಿ ಬಿಚ್ಚಿ, ಡಾಕ್ಟರಿಗೆ ಬಿಟ್ಟು ಯಾರಿಗೂ ತೋರಿಸದಿದ್ದನ್ನು ತೋರಿಸಿದೆ.

ಅವರು ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ಬಗ್ಗಿ, ಬೇರೆ ಮೆಕ್ಯಾನಿಕ್ ಮಾಡಿದ ಕೆಲಸ ನೋಡುವ ಹಾಗೆ ಆ ತುದಿಯಿಂದ ಈ ತುದಿಯವರೆಗೂ ನೋಡಿದರು.

"ನೀಟಾಗಿ ಹೊಲ್ದವ್ರೆ ಕಣೇ" ಎಂದರು.

ಆಮೇಲೆ ಹಿಟ್ಟಿನ ಕೈಯನ್ನು ಲುಂಗಿಗೆ ಎರಡು ಸಲ ಒರೆಸಿಕೊಂಡು, "ಮುಟ್ಲಾ?" ಎಂದು ಕೇಳಿದರು.

"ಮೆಲ್ಲಗೆ" ಎಂದೆ.