ಶಿವಾನಿ ಹಠಮಾರಿಯಲ್ಲ

ಲಕ್ಕೂರಿನ ಆಂಜಿನಮ್ಮನಿಗೆ ಆ ದಿನ ಬೆಳಗ್ಗೆಯಿಂದಲೇ ತಲೆ ಕೆಟ್ಟಿತ್ತು. ಎರಡು ಹಸುಗಳ ಹಾಲು ಕರೆದು ಡೇರಿಗೆ ಹಾಕಿ ಬಂದಿದ್ದಳು. ಇನ್ನು ಹಿಪ್ಪುನೇರಳೆ ಸೊಪ್ಪು ಕೊಯ್ಯಬೇಕಿತ್ತು. ಮಗ ನಂದೀಶ, ಸೊಸೆ ಮೌನಿಕಾ ಇಬ್ಬರೂ ಮಾಲೂರಿನ ಕಂಪನಿ ಕೆಲಸಕ್ಕೆ ಬಸ್ಸು ಹತ್ತಿ ಹೋಗಿದ್ದರು. ಮನೆಯಲ್ಲಿ ಉಳಿದವಳು ಮೂರು ವರ್ಷ ನಾಲ್ಕು ತಿಂಗಳ ಮೊಮ್ಮಗಳು ಶಿವಾನಿ.

"ಶಿವಾನೀ, ತಿನ್ನೋಕ್ ಬಾರೇ."

ಶಿವಾನಿ ತಿರುಗಿ ನೋಡಲಿಲ್ಲ. ಮೊಬೈಲಿನ ಸದ್ದು ಪೂರ್ತಿ ಏರಿಸಿ, ಅದನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಳು.

"ಹತ್ತು ಸಲ ಕರೆದ್ರೂ ಅಲುಗಾಡಲ್ಲ. ಏನ್ ಹಠವೋ ಏನೋ, ನನ್ ಕರ್ಮ," ಎನ್ನುತ್ತಾ ಆಂಜಿನಮ್ಮ ಮಗುವಿನ ರಟ್ಟೆ ಹಿಡಿದು ಎಳೆದು ಕೂರಿಸಿದಳು.

ಹಠ ಎಂದವಳು ಅವಳೊಬ್ಬಳೇ ಅಲ್ಲ. ಎರಡು ತಿಂಗಳ ಹಿಂದೆ ನಂದೀಶ ಮಗಳನ್ನು ಒಂದು ಕಾನ್ವೆಂಟಿಗೆ ಸೇರಿಸಿದ್ದ. ಹದಿನೈದೇ ದಿನಕ್ಕೆ ಅವರು ಕರೆಸಿ, "ಹೇಳಿದ ಮಾತು ಕೇಳಲ್ಲ, ಬಾಯಿ ಬಿಡಲ್ಲ. ಮುಂದಿನ ವರ್ಷ ನೋಡೋಣ" ಎಂದು ವಾಪಸ್ಸು ಕಳಿಸಿದ್ದರು. ಅವಮಾನವಾಗಿ ನಂದೀಶ ಮನೆಗೆ ಬಂದು ಮಗಳ ಜೊತೆ ಮೂರು ದಿನ ಮಾತಾಡಿರಲಿಲ್ಲ.

ಸೊಪ್ಪಿಗೆ ಹೋಗುವ ಮುಂಚೆ ಆಂಜಿನಮ್ಮ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಅಂಗನವಾಡಿಗೆ ನಡೆದಳು. ಮಗೂನ ಅಲ್ಲಿ ಬಿಡೋಕಲ್ಲ, ಜಗಳ ಆಡೋಕೆ.

ಟೀಚರ್ ಮುನಿಲಕ್ಷ್ಮಿ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಹಾಡು ಹೇಳಿಸುತ್ತಿದ್ದಳು. ಇಪ್ಪತ್ತೇಳು ವರ್ಷದಿಂದ ಅದೇ ಕೇಂದ್ರದಲ್ಲಿ ಇರುವವಳು.

"ಏನಮ್ಮ ಮುನಿಲಕ್ಷ್ಮಿ, ನಮ್ ಪಾಪೂನ ಆಹಾರದ ಪ್ಯಾಕೆಟ್ಟು ನಿಲ್ಲಿಸ್ಬಿಟ್ಟಿದ್ದೀಯಂತೆ?" ಎಂದಳು ಆಂಜಿನಮ್ಮ ಬಾಗಿಲಲ್ಲೇ ನಿಂತು.

ಮುನಿಲಕ್ಷ್ಮಿ ನಿಟ್ಟುಸಿರು ಬಿಟ್ಟಳು. "ಅಕ್ಕ, ಇದು ನಾಕನೇ ಸಲ ಹೇಳ್ತಿರೋದು. ಮೂರು ವರ್ಷ ತುಂಬೋವರೆಗೆ ಆಹಾರ ಮನೆಗೆ ಕೊಡ್ತೀವಿ. ತುಂಬಿದ ಮೇಲೆ ಮಗು ಇಲ್ಲಿಗೆ ಬರ್ಬೇಕು. ಬಿಸಿ ಊಟ, ಹಾಲು, ಮೊಟ್ಟೆ ಎಲ್ಲಾ ಇಲ್ಲೇ. ಮಗೂನ ಮನೇಲಿ ಇಟ್ಕೊಂಡು ಊಟ ಮಾತ್ರ ಕಳಿಸು ಅಂದ್ರೆ ಹೇಗೆ?"

"ಬಾಲವಾಡೀಲಿ ಏನಿದೆ? ಉಪ್ಪಿಟ್ಟು ತಿನ್ಸಿ ಮಲಗಿಸ್ತೀರಾ."

"ಒಂದಿನ ಕೂತು ನೋಡಿದ್ದೀಯಾ? ನಿನ್ ಸೊಸೆ ಬಸುರಿ ಆದಾಗ ಹೆಸರು ಬರೆದವಳು ನಾನು. ಈ ಕೂಸಿಗೆ ಚುಚ್ಚುಮದ್ದು ತಪ್ಪದ ಹಾಗೆ ನೋಡ್ಕೊಂಡಿದ್ದು, ತಿಂಗಳು ತಿಂಗಳು ತೂಕ ಹಾಕಿದ್ದು ಇಲ್ಲೇ. ಹೊಟ್ಟೇಲಿದ್ದಾಗಿಂದ ಆರು ವರ್ಷದವರೆಗೆ ಮಗು ಬೆಳೀತಿದ್ಯಾ, ಕಲೀತಿದ್ಯಾ ಅಂತ ನೋಡೋಕೇ ಸರ್ಕಾರ ಊರೂರಿಗೆ ಅಂಗನವಾಡಿ ಮಾಡಿರೋದು. ಮೂರು ವರ್ಷ ಬಂದೆ, ಆಮೇಲೆ ಬಿಟ್ಟುಬಿಟ್ಟೆ. ಕಲಿಯೋ ವಯಸ್ಸಲ್ಲೇ ಬಿಡಿಸಿಬಿಟ್ರೆ ನಾನೇನು—"

ಅಷ್ಟರಲ್ಲಿ ಒಳಗೆ ಸಹಾಯಕಿ ಶಾಮಲಮ್ಮನ ಕೈಯಿಂದ ಸ್ಟೀಲು ತಟ್ಟೆಗಳ ರಾಶಿ ಜಾರಿ ನೆಲಕ್ಕೆ ಬಿತ್ತು. ಮಕ್ಕಳೆಲ್ಲ ಬೆಚ್ಚಿಬಿದ್ದರು. ಒಂದಿಬ್ಬರು ಅಳಲು ಶುರುಮಾಡಿದರು. ಆಂಜಿನಮ್ಮನೂ ಎದೆ ಹಿಡಿದುಕೊಂಡಳು.

ಅಜ್ಜಿಯ ಸೊಂಟದಿಂದ ಇಳಿದಿದ್ದ ಶಿವಾನಿ ಆ ಕಡೆಗೆ ಬೆನ್ನು ಮಾಡಿ, ಮರದ ತುಂಡುಗಳನ್ನು ಒಂದರ ಮೇಲೊಂದು ಇಡುತ್ತಿದ್ದಳು. ಅವಳ ಕೈ ನಿಲ್ಲಲಿಲ್ಲ. ತಲೆಯೂ ಎತ್ತಲಿಲ್ಲ.

ಮುನಿಲಕ್ಷ್ಮಿ ಅದನ್ನು ಗಮನಿಸಿದಳು. ಮೆಲ್ಲಗೆ ಮಗುವಿನ ಹಿಂದೆ ಹೋಗಿ ಚಪ್ಪಾಳೆ ತಟ್ಟಿದಳು. ಶಿವಾನಿ ನಾಲ್ಕನೇ ತುಂಡು ಇಟ್ಟಳು.

"ಅಕ್ಕ, ಇವಳ ಕಿವಿ ಯಾವತ್ತಾದ್ರೂ ಸೋರಿತ್ತಾ?"

"ನೆಗಡಿ ಬಂದಾಗೆಲ್ಲ ಸೋರುತ್ತೆ. ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಡ್ತೀನಿ. ಯಾಕೆ?"

ಮುನಿಲಕ್ಷ್ಮಿ ಹಣೆ ಒತ್ತಿಕೊಂಡಳು. ಸಂಜೆ ಮನೆಗೆ ಬರ್ತೀನಿ, ಮಗ ಸೊಸೆ ಇಬ್ಬರೂ ಇರಲಿ ಎಂದಷ್ಟೇ ಹೇಳಿ ಕಳಿಸಿದಳು.

ಸಂಜೆ ವಿಷಯ ಕೇಳಿದ್ದೇ ನಂದೀಶ ಸಿಡಿದ. "ನನ್ ಮಗಳು ಕಿವುಡಿ ಅಂತೀರಾ ಟೀಚರ್? ಮೊಬೈಲಲ್ಲಿ ಹಾಡು ಕೇಳ್ತಾಳೆ ಅವಳು. ಊರಲ್ಲೆಲ್ಲ ಹೇಳ್ಕೊಂಡು ಬಂದ್ರಾ?"

"ನೋಡು ನಂದೀಶ, ನೀನೂ ನನ್ ಮುಂದೆ ಕೂತು ಅಆಇಈ ಕಲ್ತವನೇ. ನಂಗೆ ಮಕ್ಕಳನ್ನ ನೋಡ್ಕೋಬೇಕು, ರಿಜಿಸ್ಟರ್ ಬರೀಬೇಕು, ಫೋನಲ್ಲಿ ಫೋಟೋ ಹಾಕ್ಬೇಕು, ಯಾವ ಸರ್ವೆ ಬಂದ್ರೂ ನಾನೇ ಮಾಡ್ಬೇಕು. ನಿನ್ ಮಗಳನ್ನ ಆಡ್ಕೊಳ್ಳೋಕೆ ಬರೋಷ್ಟು ಪುರುಸೊತ್ತು ನಂಗಿಲ್ಲ. ಅವಳ ಬೆನ್ನ ಹಿಂದೆ ನಿಂತು ಒಂದ್ಸಲ ಕರಿ. ಮುಖ ಕಾಣಬಾರ್ದು."

ನಂದೀಶ ಹಿಂದೆ ನಿಂತು ಕರೆದ. ಶಿವಾನಿ ಗೊಂಬೆಯ ಕೂದಲು ಎಳೆಯುತ್ತಿದ್ದಳು. ಗಟ್ಟಿಯಾಗಿ ಕರೆದ. ತಿರುಗಲಿಲ್ಲ. ಕೊನೆಗೆ ಅಡುಗೆಮನೆಯಲ್ಲಿದ್ದ ಮೌನಿಕಾ ಗಾಬರಿಯಾಗಿ ಹೊರಗೆ ಬರುವಷ್ಟು ಜೋರಾಗಿ ಕೂಗಿದ. ಆಗ ಶಿವಾನಿ ಏನೋ ದೂರದ ಸದ್ದು ಬಂತೆಂಬಂತೆ ಬೇರೆ ಕಡೆ ನೋಡಿ, ಅಮ್ಮನನ್ನು ಕಂಡು ನಕ್ಕಳು.

ನಂದೀಶ ಮಗಳ ಪಕ್ಕಕ್ಕೆ ಬಂದು ಕೂತ. ಹಿಂದಿನ ಭಾನುವಾರ, ಕರೆದರೆ ಬರಲಿಲ್ಲ ಎಂದು ಅವನು ಅವಳ ಬೆನ್ನಿಗೆ ಹೊಡೆದಿದ್ದ. ಯಾಕೆ ಹೊಡೆದ ಎಂದು ಗೊತ್ತಾಗದೆ ಅವಳು ಅವನ ಮುಖವನ್ನೇ ನೋಡುತ್ತಾ ಅತ್ತಿದ್ದಳು.

"ಈಗ ಏನ್ ಮಾಡೋದು ಟೀಚರ್?" ಎಂದಳು ಮೌನಿಕಾ.

"ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಡಾಕ್ಟರ ತಂಡ ಬರುತ್ತೆ. ಕಣ್ಣು, ಕಿವಿ, ಹೃದಯ ಎಲ್ಲಾ ನೋಡ್ತಾರೆ. ಹೋದ್ಸಲ ಬಂದಾಗ ಮಗೂನ ಕರ್ಕೊಂಡ್ ಬಾ ಅಂತ ಎರಡು ಸಲ ಹೇಳಿ ಕಳ್ಸಿದ್ದೆ. ಯಾರೂ ಬರ್ಲಿಲ್ಲ. ಇರ್ಲಿ ಬಿಡು. ಮುಂದಿನ ಸಲದವರೆಗೆ ಕಾಯೋದು ಬೇಡ. ನಾಳೆ ಚೀಟಿ ಬರ್ಕೊಡ್ತೀನಿ. ಮೊದಲು ಇಲ್ಲಿನ ಆಸ್ಪತ್ರೆಗೆ ತೋರ್ಸಿ. ಅವರು ಕೋಲಾರದ ಜಿಲ್ಲಾ ಆಸ್ಪತ್ರೆಗೆ ಕಳಿಸ್ತಾರೆ."

ಕೋಲಾರದಲ್ಲಿ ಕಿವಿ ಡಾಕ್ಟರಮ್ಮ ಎರಡು ಕಿವಿಗೂ ಬೆಳಕು ಬಿಟ್ಟು ನೋಡಿದಳು. ಪರೀಕ್ಷೆ ಮಾಡಿಸಿದಳು. "ಪದೇ ಪದೇ ನೆಗಡಿ ಆಗಿ ಕಿವಿ ತಮಟೆಯ ಹಿಂದೆ ಅಂಟು ನೀರು ನಿಂತಿದೆ. ಮಗೂಗೆ ನೀವು ಮಾತಾಡೋದು ಸರಿಯಾಗಿ ಕೇಳಿಸ್ತಿಲ್ಲ. ಕೇಳಿಸದೆ ಮಾತು ಹೇಗೆ ಕಲೀಬೇಕು? ಇದು ಗುಣ ಆಗುತ್ತೆ. ಆದ್ರೆ ಮಾತು ಕಲಿಯೋ ವರ್ಷಗಳು ಕೈಬಿಟ್ಟು ಹೋದ್ರೆ ಮತ್ತೆ ಕಲಿಸೋದು ಬಹಳ ಕಷ್ಟ. ಇನ್ಮೇಲೆ ಕಿವಿಗೆ ಎಣ್ಣೆಗಿಣ್ಣೆ ಏನೂ ಬಿಡಬೇಡಿ."

ಆಂಜಿನಮ್ಮ ಸೆರಗಿನ ತುದಿ ಹಿಂಡುತ್ತಾ ನಿಂತಿದ್ದಳು.

ಮೂರು ತಿಂಗಳು ಔಷಧಿ ನಡೆಯಿತು. ಅಷ್ಟು ದಿನವೂ ಶಿವಾನಿ ಅಂಗನವಾಡಿಗೆ ಹೋದಳು. ಮುನಿಲಕ್ಷ್ಮಿ ಅವಳನ್ನು ಎದುರಿಗೇ ಕೂರಿಸಿಕೊಂಡು, ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡಿಸುತ್ತಿದ್ದಳು. ಬಣ್ಣ ಹೊಂದಿಸುವುದು, ಕಾಳು ಬೇರ್ಪಡಿಸುವುದು, ಸಾಲಾಗಿ ಕೈ ತೊಳೆಯುವುದು ಎಲ್ಲವನ್ನೂ ಮಗು ನೋಡಿ ನೋಡಿ ಕಲಿತಳು. ಒಳಗಿನ ನೀರು ಮಾತ್ರ ಪೂರ್ತಿ ಆರಲಿಲ್ಲ. ಕೊನೆಗೆ ಡಾಕ್ಟರಮ್ಮ ಒಂದು ಸಣ್ಣ ಆಪರೇಷನ್ ಮಾಡಿದಳು. ಸರ್ಕಾರದ ಯೋಜನೆಯಲ್ಲಿ ಅದು ಉಚಿತವಾಗಿಯೇ ಆಯಿತು.

ಆಸ್ಪತ್ರೆಯಿಂದ ಬಿಟ್ಟ ದಿನ ಮೌನಿಕಾ, ಆಂಜಿನಮ್ಮ ಮಗುವನ್ನು ಕರೆದುಕೊಂಡು ಮಾಲೂರಿನ ಬಸ್ಸು ಹತ್ತಿದರು. ಬಸ್ಸು ಹೊರಡುತ್ತಿದ್ದಂತೆ ಡ್ರೈವರ್ ಉದ್ದಕ್ಕೆ ಹಾರನ್ ಹೊಡೆದ. ಶಿವಾನಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಬಸ್ಸೇ ಹಾರಿಹೋಗುವ ಹಾಗೆ ಕಿರುಚಿ ಅತ್ತಳು.

"ಮಗೂನ ಸ್ವಲ್ಪ ಸುಮ್ನಿರ್ಸಮ್ಮ, ತಲೆನೋವು," ಎಂದು ಮುಂದಿನ ಸೀಟಿನ ಹೆಂಗಸು ಗೊಣಗಿದಳು.

ಮೌನಿಕಾ ಸುಮ್ಮನಿರಿಸಲಿಲ್ಲ. ಮಗಳನ್ನು ಎದೆಗೆ ಒತ್ತಿಕೊಂಡು ತಾನೂ ಅಳತೊಡಗಿದಳು. ಆಂಜಿನಮ್ಮ ಆ ಹೆಂಗಸಿನ ಭುಜ ಮುಟ್ಟಿ ಹೇಳಿದಳು. "ಅಳ್ಲಿ ಬಿಡಮ್ಮ. ಸದ್ದಿಗೆ ಹೆದರಿ ಅವಳು ಅತ್ತಿದ್ದು ಇದೇ ಮೊದಲು."

ಈಗ ಶಿವಾನಿ ದಿನಾ ಅಂಗನವಾಡಿಗೆ ಹೋಗುತ್ತಾಳೆ. ಎರಡು ಪದ ಸೇರಿಸಿ ಮಾತಾಡುತ್ತಾಳೆ. ಅವಳ ವಯಸ್ಸಿನವರು ಐದು ಪದ ಸೇರಿಸಿ ಮಾತಾಡುತ್ತಾರೆ. ಇನ್ನೂ ದಾರಿ ಇದೆ, ಆದರೆ ನಡೆಯುತ್ತಿದ್ದಾಳೆ.

ಇದನ್ನು ಓದುತ್ತಿರುವ ಅಪ್ಪ, ಅಮ್ಮ, ಅಜ್ಜಿ, ತಾತಂದಿರೇ, ಸ್ವಲ್ಪ ಕಟುವಾಗಿಯೇ ಕೇಳುತ್ತೇವೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮೂರಿನ ಅಂಗನವಾಡಿಯೊಳಗೆ ನೀವು ಹೋಗಿ ಎಷ್ಟು ದಿನವಾಯಿತು? ಅದು ಪ್ಯಾಕೆಟ್ಟು ಹಂಚುವ ಅಂಗಡಿಯಲ್ಲ. ನಿಮ್ಮ ಮಗುವಿನ ಮೊದಲ ಆರು ವರ್ಷವನ್ನು ಗಮನಿಸುವ ಜಾಗ. ಮಗುವಿಗೆ ಮೂರು ತುಂಬಿದ್ದರೆ ದಿನಾ ಕಳಿಸಿ. ಮೂರು ತುಂಬಿಲ್ಲ, ಇಬ್ಬರೂ ಕೆಲಸಕ್ಕೆ ಹೋಗಬೇಕು ಎನ್ನುವವರು ನಿಮ್ಮ ಪಂಚಾಯಿತಿಯಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ಇದೆಯೇ ಎಂದು ವಿಚಾರಿಸಿ. ಡಾಕ್ಟರ ತಂಡ ಬರುವ ದಿನ ಸೊಪ್ಪು, ಹಾಲು, ಮದುವೆ ಮನೆ ಎಂದು ನೆಪ ಹೇಳಬೇಡಿ. ಅಂಗನವಾಡಿಯಲ್ಲಿ ಏನಾದರೂ ಕೊರತೆ ಇದ್ದರೆ ಅಲ್ಲಿಗೇ ಹೋಗಿ ಕೇಳಿ, ಕೇಳುವ ಹಕ್ಕು ನಿಮಗಿದೆ.

ಮತ್ತೆ, ಕರೆದರೆ ಬಾರದ ಮಗುವಿಗೆ ಕೈ ಎತ್ತುವ ಮುಂಚೆ ಒಂದು ಸಲ ಅದರ ಬೆನ್ನ ಹಿಂದೆ ನಿಂತು, ಮೆಲ್ಲಗೆ ಹೆಸರು ಹಿಡಿದು ಕರೆದು ನೋಡಿ.