ಹಿಡಿದುಕೊಂಡ ಬೆರಳು

“ಬೋಸುಡಿ, ಸೀಗಡಿ ಸುಲೀತಿಯೋ, ಅದ್ರ ಮೈ ಸವರ್ತಿಯೋ?”

ದುರ್ಗಾಪ್ರಸಾದ್ ಅವ್ವನ ಬೆನ್ನಿಗೆ ಬಂದು ನಿಂತಿದ್ದ. ಶೆಡ್ಡಿನ ಸೂಪರ್‌ವೈಸರ್. ತೆಲುಗಿನವನಾದರೂ ನಮ್ಮಂಥ ಬಳ್ಳಾರಿ ಕಡೆಯ ಹೆಂಗಸರ ನಡುವೆ ಓಡಾಡಿ ಕನ್ನಡ ಕಲಿತಿದ್ದ. ಮೊದಲು ಕಲಿತದ್ದು ಬೈಗುಳ.

“ಬೆರಳು ಹಿಡ್ಕಂಡೈತ್ರಿ,” ಅಂದಳು ಅವ್ವ.

“ಹಿಡ್ಕಂಡ್ರೆ ಕಡಿದು ಬಿಸಾಕು. ಗೇಟಿನ ಹೊರಗೆ ನೂರು ಕೈ ಕಾಯ್ತಾ ಅದಾವೆ.”

ಅವ್ವ ಸುಲಿದಿಟ್ಟ ರಾಶಿಯಿಂದ ಒಂದನ್ನು ಹೆಕ್ಕಿದ. ಬೆನ್ನಿನ ಕಪ್ಪು ನರ ಅರ್ಧ ಉಳಿದಿತ್ತು. ಅದನ್ನು ಅವಳ ಕೆನ್ನೆಗೆ ಒತ್ತಿ ಅಂಟಿಸಿ ಮುಂದಿನ ಮೇಜಿಗೆ ಹೋದ. ಒರೆಸಿಕೊಳ್ಳಲು ಅವ್ವನ ಕೈ ಖಾಲಿ ಇರಲಿಲ್ಲ. ನಾನು ತೆಗೆದೆ.

ತೊಟ್ಟಿಯಲ್ಲಿ ಮಂಜುಗಡ್ಡೆಯ ನೀರು, ನೀರಿನಲ್ಲಿ ಸೀಗಡಿ, ಸೀಗಡಿಯ ನಡುವೆ ನಮ್ಮ ಕೈ. ತಲೆ ಚಿವುಟಬೇಕು, ಸಿಪ್ಪೆ ಬಿಡಿಸಬೇಕು, ನರ ಎಳೆಯಬೇಕು. ದಿನಕ್ಕೆ ಹತ್ತು ತಾಸು, ನಿಂತೇ. ಗಾರೆ ಕೆಲಸಕ್ಕೆಂದು ಸಿರುಗುಪ್ಪದಿಂದ ವಿಶಾಖಪಟ್ಟಣಕ್ಕೆ ಕರೆತಂದ ಅಪ್ಪ ಸತ್ತ ಮೇಲೆ ಅವ್ವ ಈ ಶೆಡ್ಡಿಗೆ ಸೇರಿದಳು. ಅವಳು ಸೇರಿ ಒಂಬತ್ತು ವರ್ಷ ಆಯಿತು, ಓದು ಬಿಟ್ಟು ನಾನು ಸೇರಿ ಎರಡು.

ಬೆಳಗ್ಗೆ ಏಳುವಾಗ ಅವಳ ಬಲಗೈಯ ನಡುಬೆರಳು, ಉಂಗುರದ ಬೆರಳು ಅಂಗೈಗೆ ಅಂಟಿಕೊಂಡಿರುತ್ತಿದ್ದವು. ನಾವು ಮಲಗಿದ ಮೇಲೆ ಬೆರಳುಗಳು ತಂತಮ್ಮ ತವರಿಗೆ ಹೋಗಿ, ಕೋಳಿ ಕೂಗುವ ಮೊದಲೇ ಬಂದು ಸೇರುತ್ತವೆ ಎಂದು ಅಜ್ಜಿ ಕಥೆ ಹೇಳುತ್ತಿದ್ದಳು. ಅವ್ವನ ಈ ಎರಡಕ್ಕೆ ದಾರಿ ತಪ್ಪಿತ್ತು. ಬಿಸಿ ಚಹಾದ ಲೋಟ ಹಿಡಿದು ಕೂತರೆ ಎಷ್ಟೋ ಹೊತ್ತಿಗೆ ಟಕ್ ಎಂದು ಒಂದು ಬಿಚ್ಚುತ್ತಿತ್ತು.

“ಬಂತು ನೋಡು, ಹಾದರಗಿತ್ತಿ,” ಎಂದು ಅವ್ವ ಬೆರಳನ್ನೇ ಬೈಯುತ್ತಿದ್ದಳು. ಕಣ್ಣಲ್ಲಿ ನೀರು ತುಂಬಿರುತ್ತಿತ್ತು.

ಅದೇ ತಿಂಗಳು ಕಂಪನಿಯ ಆಫೀಸಿಗೆ ಬಾಲಚಂದ್ರ ಸಾರ್ ಬಂದರು. ಕೂಲಿಯವರ ವಿಚಾರ ನೋಡಿಕೊಳ್ಳುವ ಆಫೀಸರು. ಮೈಸೂರಿನವರು, ಮನೆ ಉಳ್ಳವರ ಬಡಾವಣೆ ಎಂವಿಪಿ ಕಾಲೋನಿಯಲ್ಲಿ. ಮೊದಲ ದಿನವೇ ನಮ್ಮ ಮೇಜಿನ ಹತ್ತಿರ ನಿಂತು, “ಊಟ ಆಯ್ತೇನ್ರಮ್ಮಾ?” ಅಂದರು. ಈ ಶೆಡ್ಡಿನಲ್ಲಿ ಆ ಮಾತನ್ನು ಯಾರೂ, ಯಾವ ಭಾಷೆಯಲ್ಲೂ ಕೇಳಿರಲಿಲ್ಲ. ಹೆಂಗಸರು ದಿನವಿಡೀ ಅದನ್ನೇ ಆಡಿಕೊಂಡರು.

ಭಾನುವಾರ ಕ್ಯಾಂಟೀನಿನಲ್ಲಿ ಅವರೇ ಆರೋಗ್ಯ ಕ್ಯಾಂಪ್ ಮಾಡಿಸಿದರು. ಫಿಸಿಯೋಥೆರಪಿ ಮಾಡುವ ಮಾಧವೀಲತಾ ಬಂದಿದ್ದಳು, ನನ್ನ ವಯಸ್ಸಿನವಳು. ಅವ್ವನ ಮುಂಗೈ ಹಿಡಿದು ತೆಲುಗಿನಲ್ಲಿ ಎಲ್ಲರಿಗೂ ವಿವರಿಸಿದಳು. ಬೆರಳನ್ನು ಬಾಗಿಸುವ ದೊಡ್ಡ ಮಾಂಸಖಂಡ ಇರುವುದು ಇಲ್ಲಿ, ಮುಂಗೈಯಲ್ಲಿ. ಅಲ್ಲಿಂದ ಬೆರಳ ತುದಿಯವರೆಗೆ ಗಟ್ಟಿ ಹುರಿ ಹೋಗುತ್ತದೆ. ಲಂಗದ ನೇಫೆಯೊಳಗೆ ಲಾಡಿ ಓಡಾಡುವ ಹಾಗೆ ಅದು ಒಂದು ಕೊಳವೆಯೊಳಗೆ ಓಡಾಡಬೇಕು. ಚಳಿಯಲ್ಲಿ ಒಂದೇ ಕೆಲಸ ಮಾಡಿ ಮಾಡಿ ಕೊಳವೆ ಊದಿದೆ, ಹುರಿಯಲ್ಲಿ ಗಂಟಾಗಿದೆ. ಗಂಟು ಬಂದು ಕೊಳವೆಯ ಬಾಯಿಗೆ ಸಿಕ್ಕಿಕೊಳ್ಳುತ್ತದೆ.

“ಮ್ಯಾಲಿನಾವ ಎಳೀತಾನ, ಕೆಳಗಿನಾಕಿ ಬಾಗ್ತಾಳ. ಥೇಟ್ ನಮ್ಮ ಕಂಪನೀನ ನೋಡಬೇ,” ಅಂದಳು ಅವ್ವ. ಹೆಂಗಸರು ಗೊಳ್ಳೆಂದರು.

“ಎರಡು ತಿಂಗಳು ಈ ಕೈಗೆ ಕೆಲಸ ಕೊಡಬಾರದು,” ಅಂದಳು ಮಾಧವೀಲತಾ. ಅದಕ್ಕೆ ಇನ್ನೂ ಜೋರಾಗಿ ನಕ್ಕರು.

ಪಕ್ಕದ ಮೇಜಿನಲ್ಲಿ ಬಾಲಚಂದ್ರ ಸಾರ್ ಯಾರಿಗೆ ಏನು ನೋವು ಎಂದು ಕೇಳಿ ಇಂಗ್ಲಿಷ್ ಫಾರಂ ತುಂಬುತ್ತಿದ್ದರು. ಅವ್ವ ಹಿಂದೆ ಸರಿದಳು. “ಬ್ಯಾಡಬೇ ಶ್ರಾವಣಿ. ಇದ್ದ ಕೆಲಸಾನೂ ಹೊಕ್ಕೈತಿ.”

“ನಮ್ಮ ಮಾತಾಡೋ ಮನುಷ್ಯಾರು ಬೇ. ಹೇಳ್ಕ್ಯ, ಏನಾಗಲ್ಲ,” ಎಂದು ನಾನೇ ಮುಂದೆ ತಳ್ಳಿದೆ.

“ಎಷ್ಟು ದಿನದಿಂದ ನೋವಿದೆಯಮ್ಮಾ? ನಮ್ಮೋರ ಹತ್ರ ಏನು ಸಂಕೋಚ?” ಅಂದರು ಸಾರ್.

“ಬಾಳ ದಿನ ಆತ್ರೀ ಯಪ್ಪಾ. ಮದ್ಲಿಂದನೂ ಐತಿ.” ಮರೆಮಾಚಿದ್ದ ನೋವನ್ನೆಲ್ಲ ಅವ್ವ ಅವರ ಮುಂದೆ ಸುರಿದಳು. ಭುಜ, ಸೊಂಟ, ಮೊಣಕಾಲು. ಅವಳನ್ನು ನೋಡಿ ಮತ್ತೆ ಹತ್ತು ಹೆಂಗಸರು ಸಾಲಿಗೆ ನಿಂತರು. ಎಲ್ಲರೂ ಹೆಬ್ಬೆಟ್ಟು ಒತ್ತಿದರು.

ಎಂಟನೇ ದಿನ ಬೆಳಗ್ಗೆ ಬಾಲಚಂದ್ರ ಶೆಡ್ಡಿನೊಳಗೇ ಬಂದು ಹನ್ನೊಂದು ಹೆಸರು ಓದಿದ. ಮೊದಲನೆಯದು ಹುಲಿಗೆಮ್ಮ, ನನ್ನ ಅವ್ವ.

“ನಾಳೆಯಿಂದ ನೀವು ಬರೋದು ಬೇಡ. ನಿಮ್ಮ ಒಳ್ಳೇದಕ್ಕೇ ಅಲ್ವೇನಮ್ಮಾ? ಡಾಕ್ಟ್ರಮ್ಮನೇ ರೆಸ್ಟ್ ಹೇಳಿದಾರೆ.”

“ಔಷಧಾರ ಕೊಡಸ್ರಿ. ನಿಮ್ಮ ಕೆಲಸ ಮಾಡೇ ಬಂದಿದ್ದಲ್ರೀ ಇದು?”

“ಹಾಗೆಲ್ಲ ಹೇಳ್ಬಾರ್ದು.” ಫಾರಂ ಬಿಡಿಸಿ ತೋರಿಸಿದ. “ಕೆಲಸಕ್ಕೆ ಸೇರೋ ಮುಂಚಿನಿಂದ್ಲೇ ನೋವಿತ್ತು ಅಂತ ನೀವೇ ಬರೆಸಿದೀರಿ. ಹೆಬ್ಬೆಟ್ಟು ನಿಮ್ದೇ ತಾನೇ?”

ಓದಿಯೂ ನೋಡದೆ ಆ ಫಾರಮ್ಮಿನ ಮುಂದೆ ಅವಳನ್ನು ತಂದು ನಿಲ್ಲಿಸಿದವಳು ನಾನು. ಅವ್ವ ನನ್ನ ಕಡೆ ನೋಡಲಿಲ್ಲ. ಅವನನ್ನೇ ನೋಡುತ್ತಿದ್ದಳು.

“ಕನ್ನಡದಾಗ ಕೇಳಿ ಕುತ್ತಿಗಿ ಕೊಯ್ದೆಲ್ಲೋ, ಬಾಡ್ಕಾವ್.”

ಕಾಗದ ಹಿಡಿದಿದ್ದ ಅವನ ಮಣಿಕಟ್ಟಿಗೆ ಕೈ ಹಾಕಿದಳು. ಎಳೆದು, ಕಾಗದದ ಸಮೇತ ತೊಟ್ಟಿಯೊಳಗೆ ಅದುಮಿದಳು. ಮೊಣಕೈವರೆಗೆ ಮುಳುಗಿತು. ಅವನು ಉಸಿರು ಕಟ್ಟಿದವನಂತೆ ಬಾಯಿ ತೆರೆದ.

“ಬಿಡ್ರೀ! ಬಿಡಮ್ಮಾ! ಕೈ ಸತ್ತು ಹೋಗ್ತಿದೆ!”

“ಬಿಡಾಕ ಬರವಲ್ತು. ಹಿಡ್ಕಂಡೈತಿ,” ಅಂದಳು ಅವ್ವ. ನಿಜವೇ. ನೀರಿನೊಳಗೆ ಅವಳ ಎರಡು ಬೆರಳು ಕೊಕ್ಕೆಯಂತೆ ಬಿಗಿದುಕೊಂಡಿದ್ದವು.

ದುರ್ಗಾಪ್ರಸಾದ್ ಓಡಿ ಬಂದ. ಉಳಿದ ಹತ್ತು ಜನ, ಆಮೇಲೆ ಹೆಸರು ಓದಿಸಿಕೊಳ್ಳದವರೂ, ಮೇಜಿನ ಸುತ್ತ ಒತ್ತಾಗಿ ನಿಂತರು. ಅವನಿಗೆ ದಾರಿ ಸಿಗಲಿಲ್ಲ. ಬೈದ, ಜಡೆ ಹಿಡಿದು ಎಳೆದ. ಒಬ್ಬಳೂ ಕದಲಲಿಲ್ಲ.

“ಶ್ರಾವಣಿ,” ಎಂದು ಬಾಲಚಂದ್ರ ನನ್ನ ಕಡೆ ತಿರುಗಿದ. ಮುಖ ಬಿಳಿಚಿತ್ತು. “ನಿಮ್ಮ ತಾಯಿಗೆ ನೀನಾದ್ರೂ ಹೇಳಮ್ಮ. ಓದಿದ ಹುಡುಗಿ ನೀನು.”

ಗೋಡೆಯ ಬದಿಗೆ ಆ ದಿನದ ಮಂಜುಗಡ್ಡೆಯ ರಾಶಿ ಬಿದ್ದಿತ್ತು. ನಾನು ಸಲಿಕೆ ತೆಗೆದುಕೊಂಡೆ. ತುಂಬ ತುಂಬಿ ತಂದು ತೊಟ್ಟಿಗೆ ಸುರಿದೆ. ಮತ್ತೆ ರಾಶಿಯ ಕಡೆಗೆ ನಡೆದೆ.